ಮುಂದಿನ ಬ್ರೇಕು

ಫೆಬ್ರವರಿ 3

ಮಾವನವರಿಗೆ,

ಮೊನ್ನೆ ನೀವು ಫೋನ್ ಇಟ್ಟುಬಿಟ್ಟದ್ದಕ್ಕೆ ನನಗೆ ಕೋಪವಿಲ್ಲ. 'ನಿನ್ನ ಧ್ವನಿ ಕೇಳೋಕಾಗಲ್ಲ, ಏನಿದ್ರೂ ಬರೆದು ಕಳ್ಸು' ಎಂದಿರಿ. ಬರೆಯುತ್ತಿದ್ದೇನೆ. ಅಕ್ಷರಕ್ಕೆ ಧ್ವನಿಯಿಲ್ಲವಲ್ಲ, ಓದಬಹುದು.

ವಿಷಯ ಇಷ್ಟು. ನಾನು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯಲು ಯಂತ್ರ ತಂದಿದ್ದಾರೆ. ಇಷ್ಟು ವರ್ಷ ಆ ಯಂತ್ರ ನಾನೇ ಆಗಿದ್ದೆ. ಈಗ ಉಳಿದಿರುವುದು ಒಂದೇ ಜಾಗ. ಸುತ್ತಲಿನ ಆಸ್ಪತ್ರೆಗಳಿಗೆ ಹೋಗಿ ರಕ್ತದ ಸ್ಯಾಂಪಲ್‌ಗಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿ ತರುವ ಕೆಲಸ. ಅದನ್ನು ಮಾಡುತ್ತಿದ್ದವರು ಬಿಟ್ಟು ಹೋಗಿದ್ದಾರೆ. ಮೇಲ್ವಿಚಾರಕರು, 'ಜೂನ್ ಒಳಗೆ ಬೈಕ್ ಲೈಸೆನ್ಸು, ಸ್ವಂತ ಗಾಡಿ ಎರಡೂ ಇದ್ರೆ ಕೆಲಸ ನಿಮ್ದೇ. ಇಲ್ದಿದ್ರೆ ನನ್ನ ಕೈಲಿ ಏನಿಲ್ಲ ಕಣಮ್ಮಾ' ಎಂದಿದ್ದಾರೆ.

ನಿಮ್ಮ ಮಗನ ಬೈಕು ಮೆಟ್ಟಿಲ ಕೆಳಗೆ ಹಳೆಯ ಹಾಸಿಗೆ ಬಟ್ಟೆ ಹೊದ್ದು ನಿಂತಿದೆ. ಅದು ಇನ್ನೂ ನಿಮ್ಮ ಹೆಸರಿನಲ್ಲಿದೆ. ನೀವು ಸಹಿ ಹಾಕಿ ನನ್ನ ಹೆಸರಿಗೆ ಮಾಡಿಕೊಟ್ಟರೆ ನನ್ನ ಹೊಟ್ಟೆಪಾಡು ನಡೆಯುತ್ತದೆ. ಗಾಡಿಯ ಮೇಲೆ ಕಣ್ಣು ಹಾಕಿದ್ದಾಳೆ ಎಂದುಕೊಳ್ಳಬೇಡಿ. ಒಂದು ವರ್ಷದಿಂದ ಆ ಕಡೆ ನೋಡದೆ ಮೆಟ್ಟಿಲು ಹತ್ತುತ್ತಿದ್ದೇನೆ.

ನಿಮ್ಮ ಸೊಸೆ

ಫೆಬ್ರವರಿ 19

ಸೊಸೆಗೆ,

ಕಾಗದ ಬಂದು ವಾರವಾಯಿತು. ಉತ್ತರ ಬರೆಯುವುದೇ ಬೇಡ ಎಂದಿದ್ದೆ.

ಮಗ ಹೋದ, ಗಾಡಿ ಕೊಡಿ ಎನ್ನುತ್ತೀಯ. ಗುಜರಿಗೆ ಬಂದಿದ್ದ ಗಾಡಿ ಅದು. ಒಂದೊಂದು ನಟ್ಟೂ ನಾನು ಕೂಡಿಸಿದ್ದು, ನನ್ನ ಬುಗುರಿ ಓಡಿಸಲಿ ಎಂದು. ಹುಟ್ಟಿದಾಗಿನಿಂದ ಒಂದು ಕಡೆ ನಿಂತವನಲ್ಲ, ಅದಕ್ಕೇ ಬುಗುರಿ ಎಂದು ಕರೆದೆ. ಆ ಸಂಜೆ ನೀನು ಫೋನ್ ಮಾಡದಿದ್ದರೆ ಅವನು ತನ್ನ ಪಾಡಿಗೆ ತಾನು ಬರುತ್ತಿದ್ದ. ಮರದ ಡಿಪೋ ತಿರುವಿನಲ್ಲಿ ಲಾರಿ ಹಿಂದಕ್ಕೆ ಬರುವುದು ಕಾಣುತ್ತಿತ್ತು. ಹೆಂಡತಿ ಕರೆದಳು, ಗಂಡ ಓಡಿದ. ಪೊಲೀಸರೂ ಬರೆದದ್ದು ಅದನ್ನೇ, ಅವಸರ. ಈ ಮಾತನ್ನು ನಿನ್ನ ಬೆನ್ನ ಹಿಂದೆ ಮಾತ್ರ ಆಡುವವನಲ್ಲ ನಾನು. ಬುಗುರಿಯ ಅಕ್ಕ, ನಿನ್ನ ಅತ್ತಿಗೆಗೂ ಹೇಳಿದ್ದೇನೆ, ನಿನಗೂ ಹೇಳುತ್ತೇನೆ.

ಸಹಿಯ ಮಾತು ಆಮೇಲೆ. ಮೊದಲು ಕಲಿ, ನೋಡೋಣ. ನಲವತ್ತು ವರ್ಷ ಗ್ಯಾರೇಜಿನಲ್ಲಿ ಎಣ್ಣೆ ಬಳಿದುಕೊಂಡವನಿಗೆ ಬೈಕಿನ ಸುದ್ದಿ ಬಂದರೆ ಬಾಯಿ ಮುಚ್ಚಿಕೊಂಡಿರಲು ಆಗುವುದಿಲ್ಲ. ಕೇಳು. ಮೊದಲ ದಿನವೇ ಇಂಜಿನ್ ಹಚ್ಚಬೇಡ. ಗಾಡಿಯನ್ನು ತಳ್ಳಿಕೊಂಡು ಓಡಾಡು, ಅದರ ತೂಕ ಎತ್ತ ವಾಲುತ್ತದೆ ಎಂದು ಸೊಂಟಕ್ಕೆ ತಿಳಿಯಲಿ. ಕ್ಲಚ್ ಬಿಡುವುದು ಹೇಗೆಂದರೆ, ಮಲಗಿದ ಮಗುವಿನ ತಲೆಯಡಿಯಿಂದ ಕೈ ತೆಗೆಯುವ ಹಾಗೆ. ಗಾಡಿ ಒಂಚೂರು ಮುಂದಕ್ಕೆ ಎಳೆಯುವ ಜಾಗ ಸಿಕ್ಕ ಕೂಡಲೇ ಕೈ ಅಲ್ಲೇ ನಿಲ್ಲಲಿ. ಕಣಕಾಲು ಮುಚ್ಚುವ ಬೂಟು ಹಾಕು, ಲೇಸಿನ ತುದಿಯನ್ನು ಒಳಗೆ ಸಿಕ್ಕಿಸು. ಚಪ್ಪಲಿಯಲ್ಲಿ ಗಾಡಿ ಹತ್ತಿದೆ ಎಂದು ಕೇಳಿದರೆ ಸಹಿಯ ಮಾತೇ ಇಲ್ಲ.

ಇನ್ನೊಂದು, ಎಲ್ಲಕ್ಕಿಂತ ದೊಡ್ಡದು. ಬಲಗೈಯ ಬ್ರೇಕು ಮುಂದಿನ ಚಕ್ರದ್ದು. ಅದನ್ನು ಮುಟ್ಟಬೇಡ. ಹಿಡಿದರೆ ಗಾಡಿ ನಿನ್ನನ್ನು ತಲೆಯ ಮೇಲಿಂದ ಎಸೆಯುತ್ತದೆ. ನನ್ನ ಮೊಣಕೈ ಇವತ್ತಿಗೂ ನೆಟ್ಟಗಾಗದಿರುವುದು ಅದರ ಕೃಪೆ. ಬಲಗಾಲಿನ ಬ್ರೇಕು ಒಂದೇ ಸಾಕು. ಬುಗುರಿಗೂ ಹಾಗೆಯೇ ಕಲಿಸಿದ್ದು.

ಮಾವ

ಮಾರ್ಚ್ 7

ಮಾವನವರಿಗೆ,

ನಿಮ್ಮ ಕಾಗದದ ಮೊದಲ ಅರ್ಧವನ್ನು ಒಂದು ಸಲ ಓದಿದೆ. ಉಳಿದರ್ಧವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಆ ಅರ್ಧ ಬಾಯಿಪಾಠ ಆಗಿದೆ.

ಬಸ್ ಡಿಪೋದ ಹಿಂದಿನ ಖಾಲಿ ಜಾಗದಲ್ಲಿ ಒಬ್ಬ ಹೆಂಗಸು ತಮ್ಮದೇ ಗಾಡಿಯಲ್ಲಿ ಬೈಕ್ ಕಲಿಸುತ್ತಾರೆ. ನನಗಿಂತ ಕುಳ್ಳಿ, ಗಂಟಲು ಮಾತ್ರ ಹಡಗಿನದು. ಎಲ್ಲರನ್ನೂ 'ರಾಣಿ' ಎನ್ನುತ್ತಾರೆ, ಕಲಿಯಲು ಬರುವ ಗಡ್ಡದವರನ್ನೂ. ನಾನು ಮುಂದಿನ ಚಕ್ರವನ್ನೇ ನೋಡಿಕೊಂಡು ಹೋಗುತ್ತಿದ್ದೆ. 'ಏನ್ ರಾಣಿ, ಚಕ್ರ ಕಳ್ದೋಗುತ್ತೆ ಅಂತ ಕಾವಲಾ? ತಲೆ ಎತ್ತು! ಕಣ್ಣು ಎಲ್ಲಿಗೋ ಗಾಡಿನೂ ಅಲ್ಲಿಗೆ' ಎಂದು ಕೂಗಿದರು. ತಲೆ ಎತ್ತಿದೆ. ಕಣ್ಣಿಗೆ ಕಂಡದ್ದು ಗೋಡೆ. ಹೋಗಿ ಗೋಡೆಯನ್ನೇ ಸೇರಿದೆ.

ಎರಡನೆಯ ಸಲ ಬಿದ್ದದ್ದು ನಿಂತಲ್ಲೇ. ಸೈಡ್ ಸ್ಟ್ಯಾಂಡ್ ಹಾಕಿದ್ದೇನೆಂದು ಇಳಿದೆ, ಹಾಕಿರಲಿಲ್ಲ. ಗಾಡಿ ನಿಧಾನವಾಗಿ ನನ್ನ ಕಾಲ ಮೇಲೆ ಮಲಗಿತು. ಬೂಟು ಇಲ್ಲದಿದ್ದರೆ ಕಣಕಾಲು ಹೋಗಿರುತ್ತಿತ್ತು. ನಿಮ್ಮ ಮಾತೇ ನೆನಪಾಯಿತು. ಕ್ಲಚ್ಚಿನ ಕಥೆಯನ್ನೂ ಅವರಿಗೆ ಹೇಳಿದೆ. 'ಯಾರೋ ಗೊತ್ತಿದ್ದವರೇ ಹೇಳಿದ್ದಾರೆ' ಎಂದರು. ನಮ್ಮ ಮಾವ ಎಂದೆ. ಹೇಳುವಾಗ ಹೆಮ್ಮೆಯಾಯಿತು, ಸುಳ್ಳೇಕೆ.

ಕಾಲಿನ ಬ್ರೇಕು ಮಾತ್ರ ಬಳಸುತ್ತಿದ್ದೇನೆ. ಅವರು ಬೈಯುತ್ತಾರೆ, ನಾನು ಕೇಳಿಸದ ಹಾಗೆ ಇರುತ್ತೇನೆ.

ನನ್ನ ಮುಖ ನೋಡಲೂ ಬೇಡವಾದವರು ಇಷ್ಟೆಲ್ಲ ಬರೆದಿರಿ. ಒಳಗೆಲ್ಲೋ ಸ್ವಲ್ಪ ಕರುಣೆ ಉಂಟು ಎಂದುಕೊಂಡಿದ್ದೇನೆ.

ನಿಮ್ಮ ಸೊಸೆ

ಮಾರ್ಚ್ 18

ಸೊಸೆಗೆ,

ಗೋಡೆ ಸೇರಿದ್ದನ್ನು ಓದಿ ನಕ್ಕೆ. ಮನೆಯಲ್ಲಿ ಎಲ್ಲರೂ ತಿರುಗಿ ನೋಡಿದರು. ನಾನು ನಕ್ಕು ಬಹಳ ದಿನವಾಗಿತ್ತು.

ಇನ್ನು ಬೀದಿಗೆ ಇಳಿಯುತ್ತೀಯ, ಅದಕ್ಕೆ ಬರೆಯುತ್ತೇನೆ. ಒದ್ದೆ ರಸ್ತೆಯಲ್ಲಿ ಚರಂಡಿಯ ಕಬ್ಬಿಣದ ಮುಚ್ಚಳ, ಬಿಳಿ ಬಣ್ಣದ ಪಟ್ಟಿ, ಎರಡೂ ಸೋಪು ಹಚ್ಚಿದ ನೆಲವೇ. ಅವುಗಳ ಮೇಲೆ ಗಾಡಿ ವಾಲಿಸಬೇಡ, ನೆಟ್ಟಗೆ ದಾಟು. ಲಾರಿಯ ಕನ್ನಡಿಯಲ್ಲಿ ಡ್ರೈವರನ ಮುಖ ನಿನಗೆ ಕಾಣದಿದ್ದರೆ ನೀನೂ ಅವನಿಗೆ ಕಾಣುವುದಿಲ್ಲ. ತಿರುಗಿದ ಮೇಲೆ ಇಂಡಿಕೇಟರ್ ಆರಿಸು. ಎಡಕ್ಕೆ ಎಂದು ಮಿನುಗಿಸಿಕೊಂಡು ನೆಟ್ಟಗೆ ಹೋಗುವವರನ್ನು ಯಾರೂ ನಂಬುವುದಿಲ್ಲ. ಬೆಳಿಗ್ಗೆ ಹೊರಡುವ ಮುಂಚೆ ಟೈರನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡು, ಚೈನಿಗೆ ಎಣ್ಣೆ ಹಾಕು. ಗಾಡಿ ಮಾತಾಡುತ್ತದೆ, ಕಿವಿ ಕೊಟ್ಟರೆ ಏನು ನೋವೆಂದು ಅದೇ ಹೇಳುತ್ತದೆ.

ನಿನ್ನ ಅತ್ತಿಗೆಯೂ ಒಂದು ಹಳೆಯ ಬೈಕು ತೆಗೆದುಕೊಂಡಿದ್ದಾಳೆ. ಬೇಕರಿಯಿಂದ ಅಂಗಡಿಗಳಿಗೆ ಬ್ರೆಡ್ಡು ಹಾಕುವ ಕೆಲಸ ಹಿಡಿದಿದ್ದಾಳೆ. ಅವಳಿಗೂ ನಾನೇ ಗುರು. ಎರಡು ಹೆಣ್ಣುಗಳಿಗೆ ಒಟ್ಟಿಗೆ ಕಲಿಸುತ್ತಿದ್ದೇನೆ ನೋಡು, ಒಬ್ಬಳಿಗೆ ಅಂಗಳದಲ್ಲಿ, ಇನ್ನೊಬ್ಬಳಿಗೆ ಅಂಚೆಯಲ್ಲಿ.

ಕರುಣೆ ಗಿರುಣೆ ಎಂದೆಲ್ಲ ಬರೆಯಬೇಡ. ಗಾಡಿಯ ಮೇಲಿನ ಮಮತೆಗೆ ಬರೆಯುತ್ತೇನೆ. ಹಾಂ, ಓಡಿಸುವಾಗ ಫೋನ್ ಬಂದರೆ ಎತ್ತಬೇಡ. ಒಂದು ಫೋನು ಏನು ಮಾಡುತ್ತದೆ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಮಾವ

ಏಪ್ರಿಲ್ 4

ಮಾವನವರಿಗೆ,

ನಿಮ್ಮ ಕಾಗದದ ಕೊನೆಯ ಸಾಲು ಓದಿ ಎರಡು ದಿನ ಕಲಿಯಲು ಹೋಗಲಿಲ್ಲ. ಕೂರಿಸಿ ಉಣ್ಣಿಸಿ, ಏಳುವಾಗ ಬೆನ್ನಿಗೆ ಗುದ್ದಿದ ಹಾಗಾಯಿತು.

ಮೂರನೆಯ ದಿನ ಎದ್ದು ಮೆಟ್ಟಿಲ ಕೆಳಗಿನ ಬಟ್ಟೆ ತೆಗೆದೆ. ಬೀದಿಯ ಕೊನೆಯಲ್ಲಿರುವ ಮೆಕ್ಯಾನಿಕ್ ಬಂದು ಗಾಡಿ ತಳ್ಳಿಕೊಂಡು ಹೋದರು. ಹ್ಯಾಂಡಲ್ ನೆಟ್ಟಗಾಯಿತು, ಹೊಸ ದೀಪ ಬಂತು. ಸಂಜೆ ಅವರು ಮೇಲೆ ಹತ್ತಿ ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಒಂದು ತುಂಡು ತಾಮ್ರದ ತಂತಿ. 'ಅಮ್ಮಾ, ಇದ್ಯಾವ ಮಹಾನುಭಾವರ ಕೆಲಸ? ಮುಂದಿನ ಬ್ರೇಕಿನ ಕೇಬಲ್ ಬಿಚ್ಚಿ, ಮೇಲಕ್ಕೆತ್ತಿ ತಂತಿ ಸುತ್ತಿಬಿಟ್ಟಿದ್ದಾರೆ. ಬ್ರೇಕ್ ಹಿಡಿದ್ರೆ ಬರೀ ಗಾಳಿ ಹಿಡಿದ ಹಾಗೆ. ಅಪಘಾತದಲ್ಲಿ ಆದದ್ದಲ್ಲ ಇದು, ತಂತಿ ಮೇಲೆ ವರ್ಷಗಟ್ಟಲೆ ಕೂತ ಧೂಳಿದೆ' ಎಂದರು. ಕೇಬಲ್ ಕೂಡಿಸಿಕೊಟ್ಟಿದ್ದಾರೆ.

ಕಲಿಸುವವರಿಗೆ ಹೇಳಿದೆ. ಅವರು ಅವತ್ತು ರಾಣಿ ಎನ್ನಲಿಲ್ಲ. ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಅಲ್ಲಿ ಮುಟ್ಟಿದ ಕೂಡಲೇ ಕಾಲಿನ ಬ್ರೇಕು ಮಾತ್ರ ಒತ್ತು ಎಂದರು. ಒತ್ತಿದೆ. ಹಿಂದಿನ ಚಕ್ರ ಕಟ್ಟಿಹೋಗಿ ಕರ್ರಗೆ ಗೀರುತ್ತಾ ಜಾರಿತು, ಗಾಡಿ ನಿಲ್ಲಲೇ ಇಲ್ಲ. ಆಮೇಲೆ ಎರಡೂ ಹಿಡಿ ಎಂದರು, ಮುಂದಿನದನ್ನು ನಿಂಬೆಹಣ್ಣು ಹಿಂಡುವ ಹಾಗೆ ಬರಬರುತ್ತಾ ಬಿಗಿ ಎಂದರು. ಗಾಡಿ ಮೂಗು ತಗ್ಗಿಸಿ ನಿಂತಿತು. 'ಹಿಂದಿನ ಬ್ರೇಕು ಬೇಡ್ಕೊಳ್ಳುತ್ತೆ, ಮುಂದಿನ ಬ್ರೇಕು ನಿಲ್ಲಿಸುತ್ತೆ. ಒಮ್ಮೆಲೇ ಕಿತ್ತು ಹಿಡಿದ್ರೆ ಎಸೆಯುತ್ತೆ ನಿಜ. ಹಾಗಂತ ಕೈ ಕಡಿದು ಹಾಕ್ತಾರಾ?' ಎಂದರು.

ಆ ತಂತಿ ನನ್ನ ಬಳಿ ಇದೆ. ಕಟ್ಟಿದವರು ಅದರ ತುದಿಯನ್ನು ಬೆರಳಿಗೆ ಚುಚ್ಚದ ಹಾಗೆ ಒಳಕ್ಕೆ ಮಡಚಿದ್ದಾರೆ. ಯಾರು ಕಟ್ಟಿದ್ದು ಎಂದು ನಿಮಗೇನಾದರೂ ಗೊತ್ತೇ?

ಸೊಸೆ

ಏಪ್ರಿಲ್ 10

ಸೊಸೆಗೆ,

ಗೊತ್ತೇ ಎಂದು ಕೇಳುತ್ತೀಯಾ! ನಾನೇ ಕಟ್ಟಿದ್ದು. ನನ್ನ ಕೈಯಾರೆ. ಬೀದಿ ಮೆಕ್ಯಾನಿಕ್ಕು, ಮೈದಾನದ ಹೆಂಗಸು, ಇವರೆಲ್ಲ ನನಗೆ ಪಾಠ ಹೇಳುವಷ್ಟಾದರೋ? ಮೊನ್ನೆ ಮೊನ್ನೆ ಕಣ್ಣು ಬಿಟ್ಟವರು!

ಅವನಿಗೆ ಗಾಡಿ ಕೊಟ್ಟ ದಿನ ಮುಂದಿನದನ್ನು ಮುಟ್ಟಬೇಡ ಎಂದು ಹೇಳಿದ್ದೆ. ಹೇಳಿದರೆ ಸಾಲದು, ಹುಡುಗಾಟದ ಪ್ರಾಯ, ಮರೆತು ಹಿಡಿದುಬಿಟ್ಟರೆ ಎಂದು ಕೇಬಲ್ಲನ್ನೇ ಬಿಚ್ಚಿಟ್ಟೆ. ಹೆತ್ತ ಕರುಳು ಹಾಗೆಯೇ ಕಣೇ, ಅದು ನಿನಗೆ ಹೇಗೆ ತಿಳಿಯಬೇಕು. ಹೋದ ವಾರ ನಿನ್ನ ಅತ್ತಿಗೆಯ ಗಾಡಿಗೂ ಅದನ್ನೇ ಮಾಡಿದ್ದೇನೆ. ಬೆಳಗಾಗುವ ಮೊದಲೇ ಬ್ರೆಡ್ಡಿನ ಬುಟ್ಟಿ ಹೇರಿಕೊಂಡು ಇಳಿಜಾರಿನಲ್ಲಿ ಹೋಗುತ್ತಾಳೆ. ನಾನು ನೆಮ್ಮದಿಯಾಗಿ ಮಲಗುತ್ತೇನೆ.

ನೀನು ಆ ಕೇಬಲ್ ಬಿಚ್ಚಿಸು. ಬಿಚ್ಚಿಸಿದೆ ಎಂದು ಬರೆ. ಆಮೇಲೆ ಸಹಿ.

ಮಾವ

ಏಪ್ರಿಲ್ 14

ಮಾವನವರಿಗೆ,

ನಿಮ್ಮ ಕಾಗದ ಇವತ್ತು ಬಂತು. ಓದಿದ ಕೂಡಲೇ ಫೋನ್ ಮಾಡಿದೆ. ನನ್ನ ಧ್ವನಿ ಕೇಳಿ ಇಟ್ಟುಬಿಟ್ಟಿರಿ. ಅತ್ತಿಗೆಗೆ ಮಾಡಿದೆ, ಅವರು ಎತ್ತಲಿಲ್ಲ. ಅಣ್ಣನನ್ನು ಕೊಂದವಳಲ್ಲವೇ ನಾನು... ತಮ್ಮನನ್ನು ಎನ್ನಬೇಕಿತ್ತು, ತಿದ್ದುತ್ತಾ ಕೂರಲು ಹೊತ್ತಿಲ್ಲ. ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಇದನ್ನು ನಿಂತುಕೊಂಡೇ ಓದಿ, ಓದಿ ಮುಗಿಸಿ ನೇರ ಅತ್ತಿಗೆಯ ಗಾಡಿಯ ಹತ್ತಿರ ಹೋಗಿ.

ಆ ತಂತಿಯ ಮಡಿಕೆ ನೋಡಿದಾಗಲೇ ನಿಮ್ಮದೆಂದು ತಿಳಿದಿತ್ತು. ನಮ್ಮ ಮನೆಯ ಬಟ್ಟೆ ಒಣಗಿಸುವ ತಂತಿಯನ್ನೂ ನೀವು ಹಾಗೆಯೇ ಮಡಚಿ ಕಟ್ಟಿದ್ದಿರಿ. ಅಪ್ಪ ಮಾಡಿದ ಗಂಟು ಯಾರಿಗೂ ಚುಚ್ಚುವುದಿಲ್ಲ ಎಂದು ನಿಮ್ಮ ಮಗ ಹೇಳುತ್ತಿದ್ದರು. ನಾನು ಬಾಯಿ ಬಿಡಬಾರದು ಎಂದುಕೊಂಡಿದ್ದೆ. ಮಗನನ್ನು ಕಳೆದುಕೊಂಡ ಮುದುಕನಿಗೆ ಇದೊಂದು ಬೇಡ, ಹೊಟ್ಟೆಗೆ ಹಾಕಿಕೊಳ್ಳೋಣ ಎಂದುಕೊಂಡಿದ್ದೆ. ಯಾರು ಕಟ್ಟಿದ್ದು ಎಂದು ಕೇಳಿದ್ದೇಕೆಂದರೆ, ನೀವು ಗೊತ್ತಿಲ್ಲ ಎಂದುಬಿಟ್ಟರೆ ನಾನೂ ನಂಬಿಬಿಡೋಣ ಎಂದು. ಈಗ ಅತ್ತಿಗೆಯ ಗಾಡಿಗೂ ಕಟ್ಟಿದ್ದೀರಿ. ಇನ್ನು ಸುಮ್ಮನಿದ್ದರೆ ನಾನು ನಿಜವಾಗಿಯೂ ಕೊಂದವಳಾಗುತ್ತೇನೆ.

ಡಿಪೋ ತಿರುವಿನಲ್ಲಿ ರಸ್ತೆಯ ಮೇಲೆ ಕರಿಯ ಗೀರು ಇತ್ತು. ನೀವು ನೋಡಲಿಲ್ಲ, ಆಸ್ಪತ್ರೆಯಿಂದಲೇ ಹಿಂದಿರುಗಿದಿರಿ. ನಾನು ದಿನವೂ ಕೆಲಸಕ್ಕೆ ಹೋಗುವಾಗ ಅದನ್ನು ದಾಟಿಕೊಂಡೇ ಹೋದೆ, ಅಳಿಸಿಹೋಗುವವರೆಗೆ. ಒಂದೇ ಗೀರು. ಹಿಂದಿನ ಚಕ್ರದ್ದು. ಅಂಗಡಿ ಸಾಲಿನ ಉದ್ದಕ್ಕೂ ಇತ್ತು. ಅವರು ಲಾರಿಯನ್ನು ಕಂಡಿದ್ದರು ಮಾವ. ಕಂಡು, ನೀವು ಕಲಿಸಿದ ಬ್ರೇಕನ್ನು ಒತ್ತಿದ್ದರು. ಕೊನೆಗೆ ಬಲಗೈಯನ್ನೂ ಬಿಗಿದರೋ ಏನೋ, ಗೊತ್ತಿಲ್ಲ. ಬಿಗಿದಿದ್ದರೆ ಕೈಗೆ ಸಿಕ್ಕಿದ್ದು ಗಾಳಿ.

ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ನೀವು ಬಾಯಿ ಸುಟ್ಟುಕೊಂಡದ್ದಕ್ಕೆ ಮಕ್ಕಳ ಕೈಯಿಂದ ಲೋಟವನ್ನೇ ಕಿತ್ತುಕೊಂಡಿರಿ.

ಆ ಫೋನಿನಲ್ಲಿ ನಾನು ಹೇಳಿದ್ದು ಏನೆಂದು ನೀವು ಒಂದು ಸಲವೂ ಕೇಳಲಿಲ್ಲ. 'ಬಟ್ಟೆ ಸೋಪು ಮುಗಿದಿದೆ, ಅಂಗಡಿ ಮುಚ್ಚೋದ್ರೊಳಗೆ ತನ್ನಿ.' ಇಷ್ಟೇ. ಅಂಗಡಿ ಮುಚ್ಚೋದ್ರೊಳಗೆ ಎಂಬ ಆ ಒಂದು ಮಾತನ್ನು ಇಡೀ ವರ್ಷ ನಾಲಿಗೆಯ ಮೇಲೆ ಕೆಂಡದ ಹಾಗೆ ಇಟ್ಟುಕೊಂಡಿದ್ದೇನೆ. ಸೋಪು ಕಂಡರೆ ಕೈ ಹಿಂದಕ್ಕೆ ಹೋಗುತ್ತದೆ. ಅದರ ಮೇಲೆ ನೀವು ಕಾಗದಕ್ಕೊಮ್ಮೆ ಬರೆ ಎಳೆದಿರಿ.

ಇದನ್ನೆಲ್ಲ ಬರೆಯುವಾಗ ನನಗೆ ದುಃಖವಾಯಿತು, ಸಂತೋಷವೂ ಆಯಿತು. ಸಂತೋಷದ ಮಾತನ್ನು ಮುಚ್ಚಿಡುವುದಿಲ್ಲ.

ಮೊದಲು ಆ ಕೇಬಲ್. ಸಹಿ ಹಾಕಿ, ಬಿಡಿ, ನಿಮ್ಮಿಷ್ಟ.

ಸೊಸೆ

ಮೇ 22

ಮಗಳೇ,

ಕೇಬಲ್ ಕೂಡಿಸಿದೆ. ನಿನ್ನ ಕಾಗದ ಬಂದ ದಿನವೇ, ನಿಂತ ಕಾಲಿನಲ್ಲಿ. ನಿನ್ನ ಅತ್ತಿಗೆ 'ಏನಾಯ್ತಪ್ಪಾ?' ಎಂದಳು. ಕೇಬಲ್ ಹಳೆಯದಾಗಿತ್ತು ಎಂದೆ.

ನಿನ್ನ ಮಾತು ನಂಬಲಿಲ್ಲ. ಅವಳ ಗಾಡಿಯನ್ನು ಗೋದಾಮಿನ ಹಿಂದಿನ ರಸ್ತೆಗೆ ತೆಗೆದುಕೊಂಡು ಹೋಗಿ ನಾನೇ ಓಡಿಸಿದೆ. ಈ ಮೊಣಕೈಯಲ್ಲಿ ಓಡಿಸಬಾರದು, ಆದರೂ ಓಡಿಸಿದೆ. ಒಂದು ಕಂಬದ ಹತ್ತಿರ ಮೊದಲು ಕಾಲಿನದು ಮಾತ್ರ ಒತ್ತಿದೆ. ಆಮೇಲೆ ಎರಡೂ, ನೀನು ಬರೆದ ಹಾಗೆ ನಿಂಬೆಹಣ್ಣು ಹಿಂಡಿದಂತೆ. ಇಳಿದು ನೋಡಿದೆ. ಎರಡು ಸಲ ನಿಂತ ಜಾಗದ ನಡುವೆ ಒಂದು ಲಾರಿ ನಿಲ್ಲುವಷ್ಟು ಜಾಗವಿತ್ತು.

ಗಾಡಿ ತಳ್ಳಿಕೊಂಡು ಮನೆಗೆ ಬಂದೆ. ಅದಾದ ಮೇಲೆ ನಟ್ಟು ಬಿಗಿಯುವ ಪಾನಾ ಹಿಡಿದಿಲ್ಲ.

ಸಹಿ ಹಾಕಿ ಕಾಗದಪತ್ರ ಇದರ ಜೊತೆಗೇ ಇಟ್ಟಿದ್ದೇನೆ. ಗಾಡಿ ನಿನ್ನದು. ನನ್ನದೊಂದು ಮಾತು ನಡೆಸಿಕೊಡು. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹೇಳಲಾರೆ. ಅವಳಿಗೆ ತಮ್ಮ ಎಂದರೆ ಜೀವವಾಗಿತ್ತು. ತಿಳಿದರೆ ಈ ಮುಖ ನೋಡುತ್ತಾಳೆಯೇ? ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಲಿ? ನೀನು ಪ್ರಾಯದವಳು, ದೂರದಲ್ಲಿದ್ದೀಯ, ಇಲ್ಲಿ ಆಡುವ ಮಾತು ನಿನ್ನ ಕಿವಿಗೆ ಬೀಳುವುದಿಲ್ಲ. ಇಷ್ಟು ದಿನ ಹೊತ್ತವಳು, ಇನ್ನಷ್ಟು ದಿನ ಹೊತ್ತುಬಿಡು. ನಾನು ಕಣ್ಣು ಮುಚ್ಚಿದ ಮೇಲೆ ಯಾರಿಗೆ ಬೇಕಾದರೂ ಹೇಳು.

ಅಪ್ಪ

ಮೇ 30

ಮಾವನವರಿಗೆ,

ಮಗಳೇ ಎಂದು ಕರೆದಿರಿ. ನಿಮ್ಮ ಮನೆಗೆ ಸೊಸೆಯಾಗಿ ಬಂದಮೇಲೆ ಇದೇ ಮೊದಲು. ಅದರ ಬೆಲೆ ಏನೆಂದು ಕಾಗದದ ಕೊನೆಗೆ ಬರುವಷ್ಟರಲ್ಲಿ ತಿಳಿಯಿತು.

ಲೈಸೆನ್ಸ್ ಪರೀಕ್ಷೆಯಲ್ಲಿ ಪಾಸಾದೆ. ಪರೀಕ್ಷಕರು ಏಕಾಏಕಿ ಕೈ ಅಡ್ಡ ಹಾಕಿ ನಿಲ್ಲಿಸು ಎಂದರು. ನಿಲ್ಲಿಸಿದೆ. ಅವರು ತಲೆಯಾಡಿಸಿ ಮುಂದಿನವರನ್ನು ಕರೆದರು. ನಾನು ಗಾಡಿಯಿಂದ ಇಳಿಯದೆ ಅಲ್ಲೇ ಕೂತು ಅತ್ತೆ. ಇಷ್ಟೇ ಇಷ್ಟು ಕೆಲಸ ಮಾವ, ನಿಲ್ಲುವುದು. ಸೋಮವಾರದಿಂದ ಡಬ್ಬಿ ಹೊರುತ್ತೇನೆ. ಮಂಜುಗಡ್ಡೆಯದು. ನೀವು ಹೊರು ಎಂದ ಇನ್ನೊಂದನ್ನು ಹೊರುವುದಿಲ್ಲ.

ಅತ್ತಿಗೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನನಗೆ ಬೇರೆ ಅಕ್ಕ ತಂಗಿಯರಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ತಲೆ ಬಾಚಿದವರು ಅವರು. ಆಡುವ ಮಾತು ಕಿವಿಗೆ ಬೀಳುವುದಿಲ್ಲ ಎಂದಿರಿ. ಆಡದ ಮಾತು ಬೀಳುತ್ತದೆ, ದಿನವೂ. ಅದೂ ಅಲ್ಲದೆ, ಕೇಬಲ್ ಹಳೆಯದಾಗಿತ್ತು ಎಂದು ನಂಬಿರುವವರು ಮುಂದಿನ ಬ್ರೇಕನ್ನು ಯಾಕೆ ಹಿಡಿಯುತ್ತಾರೆ? ಕೂಡಿಸಿದ್ದೀರಿ, ಹಿಡಿ ಎಂದು ಹೇಳಿಲ್ಲ. ಮುಟ್ಟಬೇಡ ಎಂದು ನೀವು ಕಲಿಸಿದ್ದೇ ಅವರ ತಲೆಯಲ್ಲಿ ಇನ್ನೂ ಇದೆ.

ಈ ಭಾನುವಾರ ಬರುತ್ತೇನೆ, ನಿಮ್ಮ ಮಗನ ಬೈಕಿನಲ್ಲೇ. ತಂತಿ ನನ್ನ ಜೇಬಿನಲ್ಲಿರುತ್ತದೆ. ನಾನು ಹೊಸಿಲು ತುಳಿಯುವುದರೊಳಗೆ ಅತ್ತಿಗೆಗೆ ನೀವೇ ಹೇಳಿರಿ. ಹೇಳಿರದಿದ್ದರೆ ನಾನು ಹೇಳುತ್ತೇನೆ. ಅವರು ನಿಮ್ಮನ್ನು ಹೊರಗೆ ಹಾಕಿದರೆ, ಹಿಂದಿನ ಸೀಟು ಖಾಲಿಯಿದೆ. ನಿಮ್ಮ ಮೇಲಿನ ಪ್ರೀತಿಗೆ ಹೇಳುತ್ತಿಲ್ಲ, ಅಂಥದ್ದು ಸದ್ಯಕ್ಕೆ ನನ್ನ ಬಳಿ ಇಲ್ಲ. ಬೂಟು ಹಾಕಿಕೊಂಡಿರಿ.

ಬೆಳಿಗ್ಗೆ ಹೊರಡುತ್ತೇನೆ. ನೀವು ಕಲಿಸಿದ ಹಾಗೆ ಟೈರು ಒತ್ತಿ ನೋಡಿ, ಚೈನಿಗೆ ಎಣ್ಣೆ ಹಾಕಿ, ನಿಧಾನವಾಗಿ ಬರುತ್ತೇನೆ. ಅಷ್ಟು ಹೊತ್ತು ನಿಮಗಿದೆ. ಎಲ್ಲಿದ್ದೀಯ, ಎಷ್ಟು ಹೊತ್ತಿಗೆ ಬರ್ತೀಯ ಎಂದು ಯಾರೂ ಫೋನ್ ಮಾಡಬೇಡಿ.

ನಿಮ್ಮ ಬುಗುರಿಯ ಹೆಂಡತಿ